ಎಂ-47ರ ಕೂಡುವ ಚಿಹ್ನೆ

ಜಯರಾಮನಿಗೆ ಐವತ್ತೆಂಟು ತುಂಬಿದ ವರ್ಷ, ಅವನಿಂದ ಕಾರ್ಖಾನೆಗೆ ಎಷ್ಟು ಕೇಡು ಎಂಬುದನ್ನು ಲೆಕ್ಕ ಹಾಕಿ ಎರಡು ದಶಮಾಂಶ ಸ್ಥಾನದವರೆಗೆ ಹೇಳಿಬಿಟ್ಟರು. ಅವನು ಒಂದು ಪಾಳಿಗೆ ಬಂದರೆ ಬೆಲ್ಟು ಎರಡು ಪಾಯಿಂಟ್ ಏಳು ನಾಲ್ಕು ಗಂಟೆ ಹೆಚ್ಚಿಗೆ ನಿಲ್ಲುತ್ತದಂತೆ. ಅವನ ಬಗ್ಗೆ ಇಷ್ಟು ನಿಖರವಾಗಿ ಮಾತಾಡಿದವರು, ಕಟ್ಟಿಕೊಂಡ ಹೆಂಡತಿ ದುರ್ಗಾಂಬನೂ ಸೇರಿದಂತೆ, ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಅವನು ಹುಟ್ಟಿದ್ದು ಭದ್ರಾವತಿಯ ಹಳೇನಗರದಲ್ಲಿ. ಐ.ಟಿ.ಐ. ಮುಗಿಸಿ, ಅಲ್ಲಿ ಇಲ್ಲಿ ಅಲೆದು, ಇಪ್ಪತ್ತಾರನೇ ವಯಸ್ಸಿಗೆ ವಿಶಾಖಪಟ್ಟಣದ ಪೂರ್ವತೀರ ಖನಿಜ ಘಟಕಕ್ಕೆ ಫಿಟ್ಟರ್ ಆಗಿ ಸೇರಿದ. ರೈಲಿನಲ್ಲಿ ಬಂದ ಅದಿರನ್ನು ಒಂದೂಮುಕ್ಕಾಲು ಕಿಲೋಮೀಟರ್ ಉದ್ದದ ರಬ್ಬರ್ ಬೆಲ್ಟಿನ ಮೇಲೆ ಸುರಿದು ಆ ತುದಿಯ ರಾಶಿಗೆ ಸಾಗಿಸುವುದು ಘಟಕದ ಕೆಲಸ. ಬೆಲ್ಟಿನ ಕೆಳಗೆ ಸಾವಿರಾರು ಕಬ್ಬಿಣದ ರೋಲರುಗಳು ಸದಾ ಉರುಳುತ್ತಿರುತ್ತವೆ. ಯಾವುದಾದರೂ ಒಂದು ರೋಲರಿನ ಬೇರಿಂಗ್ ಹಿಡಿದುಕೊಂಡಿತೋ, ಬೆಲ್ಟು ಉಜ್ಜಿ ಉಜ್ಜಿ ಬಿಸಿಯಾಗುತ್ತದೆ, ಕೊನೆಗೊಂದು ದಿನ ಹರಿಯುತ್ತದೆ. ಹರಿದರೆ ಅದರ ಅಡಿಯಲ್ಲಿ ಚೆಲ್ಲಿದ ಅದಿರು ಗುಡಿಸುವ ಹೆಂಗಸರ ಗತಿ ದೇವರೇ ಬಲ್ಲ. ಜಯರಾಮ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಚೌಕಟ್ಟಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಬೇರಿಂಗುಗಳನ್ನು ಕೇಳುತ್ತಿದ್ದ. ಹೊಸಬರು ನಗುತ್ತಿದ್ದರು. ಆರು ತಿಂಗಳಾದ ಮೇಲೆ ನಗುತ್ತಿರಲಿಲ್ಲ.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತದೆ. ಎಳೆದರೆ ಬೆಲ್ಟು ನಿಲ್ಲುತ್ತದೆ. ಎಳೆದವನು ಕೆಂಪು ರಟ್ಟಿನ ಪುಸ್ತಕದಲ್ಲಿ ತನ್ನ ನಂಬರು, ಹೊತ್ತು, ಕಾರಣ ಬರೆದು ಸಹಿ ಹಾಕಬೇಕು. ಮಾರನೆಯ ಬೆಳಿಗ್ಗೆ ಮ್ಯಾನೇಜರ ಎದುರು ಕೈಕಟ್ಟಿ ನಿಂತು ‘ಯಾಕೆ ನಿಲ್ಲಿಸಿದೆ’ ಎಂಬುದಕ್ಕೆ ಉತ್ತರ ಕೊಡಬೇಕು. ಯಾರಿಗೆ ಬೇಕು ಈ ಉಸಾಬರಿ? ಹೀಗಾಗಿ ಬೆಲ್ಟಿನಿಂದ ಹೊಗೆ ಬಂದರೂ ಒಬ್ಬನೂ ಹಗ್ಗ ಮುಟ್ಟುತ್ತಿರಲಿಲ್ಲ. ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿದ ಕೂಡಲೇ ಪಾಳಿಯ ಉಸ್ತುವಾರಿ ಫಣೀಂದ್ರ ತೆಲುಗಿನ ‘ಗಾರು’, ‘ಅಂಡಿ’ಗಳ ಮರ್ಯಾದೆ ಹಚ್ಚಿ ಫೋನ್ ಮಾಡುತ್ತಿದ್ದ: “ಜಯರಾಂಗಾರೂ, ಒಂದ್ಸಾರಿ ಬರ್ತೀರಾ ಅಂಡಿ?” ಜಯರಾಮ ಬರುತ್ತಿದ್ದ, ಕೇಳುತ್ತಿದ್ದ, ಹಗ್ಗ ಎಳೆಯುತ್ತಿದ್ದ, ಸಹಿ ಹಾಕುತ್ತಿದ್ದ. ಕಾರಣದ ಕಾಲಂ ಹೆಬ್ಬೆರಳಷ್ಟು ಅಗಲ ಇದ್ದುದರಿಂದ ಅದರಲ್ಲಿ ಪ್ರತಿ ಸಲವೂ ‘ಅಗತ್ಯವಿದ್ದಂತೆ’ ಎಂದು ಬರೆಯುತ್ತಿದ್ದ. ಬೆಳಿಗ್ಗೆ ಬೈಸಿಕೊಳ್ಳುವುದು ಅವನಿಗೆ ಹಲ್ಲುಜ್ಜಿದಷ್ಟೇ ಸಲೀಸಾಗಿಬಿಟ್ಟಿತ್ತು.

ಇಂಥ ಕಾರ್ಖಾನೆಗೆ ಜಗನ್ಮೋಹನ್ ಎಂಬ ಹೊಸ ಮ್ಯಾನೇಜರ್ ಬಂದರು. ಕೆಟ್ಟ ಮನುಷ್ಯರಲ್ಲ. ಆದರೆ ಯಾವುದೋ ತರಬೇತಿಗೆ ಹೋಗಿ ಬಂದಿದ್ದರು, ಅದೇ ಎಡವಟ್ಟಾಗಿದ್ದು. “ಇನ್ನು ಮೇಲೆ ಅಭಿಪ್ರಾಯ ಬೇಡ, ಡೇಟಾ ಮಾತಾಡಬೇಕು” ಎಂದು ಘೋಷಿಸಿ, ಹನ್ನೊಂದು ವರ್ಷದ ಕೆಂಪು ಪುಸ್ತಕಗಳನ್ನೂ ಹಾಜರಿ ಪಟ್ಟಿಗಳನ್ನೂ ವಿಜಯವಾಡದ ಒಂದು ಸಣ್ಣ ಕಂಪನಿಗೆ ಕಳಿಸಿಕೊಟ್ಟರು. ಗೌಪ್ಯತೆ ಕಾಪಾಡಬೇಕೆಂದು ಅರವತ್ತಮೂರು ಜನರ ಹೆಸರು ಅಳಿಸಿ ಎಂ-1, ಎಂ-2 ಎಂದು ಗುರುತು ಹಾಕಿಸಿದರು. ಗುರುತು ಹಾಕಿದವನು ಫಣೀಂದ್ರ. ಹೀಗಾಗಿ ಆ ಗೌಪ್ಯತೆ ಬೆಳಗಿನ ಚಹಾದ ಹೊತ್ತಿನವರೆಗೆ ಬಾಳಿತು.

ಕಂಪನಿಯ ಹೆಸರು ಅಂಕುರ ಅನಲಿಟಿಕ್ಸ್. ವಿಜಯವಾಡದ ಒನ್ ಟೌನಿನಲ್ಲಿ ಒಣಮೆಣಸಿನಕಾಯಿ ಸಗಟು ಮಳಿಗೆಯ ಮೇಲಿನ ಮೂರನೇ ಮಹಡಿಯಲ್ಲಿ ಅದರ ಕಚೇರಿ. ಕೆಳಗೆ ಚೀಲ ಇಳಿಸಿದಾಗಲೆಲ್ಲ ಮೇಲೆ ಒಂಬತ್ತು ಜನ ಒಟ್ಟಿಗೆ ಸೀನುತ್ತಿದ್ದರು. ಆ ಒಂಬತ್ತರಲ್ಲಿ ಒಬ್ಬಳು ಶ್ರಾವ್ಯಾ, ಜಯರಾಮನ ಒಬ್ಬಳೇ ಮಗಳು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಅದೇ ಬೀದಿಯ ತಾಯಿಯ ತವರಿನಲ್ಲಿ ಉಳಿದುಕೊಂಡು, ಟ್ರೇನಿಯಾಗಿ ದುಡಿಯುತ್ತಿದ್ದಳು. ಆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ಬೆಳೆದವಳಲ್ಲವೇ ಎಂದು ಕೆಲಸವನ್ನು ಅವಳಿಗೇ ಕೊಟ್ಟರು.

ಅವಳು ಮಾಡಿದ್ದು ಮಲ್ಟಿಪಲ್ ರಿಗ್ರೆಷನ್. ಬೆಲ್ಟು ಎಷ್ಟು ಹೊತ್ತು ನಿಂತಿತು ಎಂಬುದಕ್ಕೆ ಹತ್ತಾರು ಸಂಗತಿಗಳನ್ನು, ಅಂದರೆ ಮಳೆ, ರೋಲರಿನ ವಯಸ್ಸು, ಯಾವ ಪಾಳಿಗೆ ಯಾರು ಬಂದಿದ್ದರು ಇತ್ಯಾದಿಗಳನ್ನು, ಒಟ್ಟಿಗೆ ಇಟ್ಟು ತೂಗುವ ಲೆಕ್ಕ ಅದು. ಕೊನೆಗೆ ಒಂದೊಂದರ ಎದುರೂ ಒಂದು ಅಂಕಿ ಬರುತ್ತದೆ, ಅಂಕಿಯ ಎಡಕ್ಕೆ ಕೂಡುವ ಚಿಹ್ನೆಯೋ ಕಳೆಯುವ ಚಿಹ್ನೆಯೋ ಇರುತ್ತದೆ. ಕೂಡುವ ಚಿಹ್ನೆ ಇದ್ದರೆ ಆ ಸಂಗತಿ ಇರುವಾಗ ಬೆಲ್ಟು ಹೆಚ್ಚು ನಿಂತಿದೆ, ಕಳೆಯುವ ಚಿಹ್ನೆ ಇದ್ದರೆ ಕಡಿಮೆ ನಿಂತಿದೆ ಎಂದಷ್ಟೇ ಅರ್ಥ. ಜಗನ್ಮೋಹನ್ ಮಾತ್ರ ಕೂಡುವ ಚಿಹ್ನೆ ಎಂದರೆ ಅಪರಾಧಿ, ಕಳೆಯುವ ಚಿಹ್ನೆ ಎಂದರೆ ಪುಣ್ಯಾತ್ಮ ಎಂದು ಓದಿಕೊಂಡರು. ಭರವಸೆಗೆ ಅರ್ಹವಾದ ಅಂಕಿಗಳ ಪಕ್ಕ ಮೂರು ನಕ್ಷತ್ರ ಬೇರೆ ಇದ್ದವು. ನಕ್ಷತ್ರ ಕಂಡ ಮೇಲೆ ಅವರನ್ನು ಹಿಡಿಯುವವರಿಲ್ಲ.

ಮಳೆಗೆ ಕಳೆಯುವ ಚಿಹ್ನೆ ಬಂದಿತ್ತು. ಮಳೆ ಬಂದರೆ ತೊಂದರೆ ಹೆಚ್ಚು ಎಂದು ಎಲ್ಲರೂ ತಿಳಿದಿದ್ದರು, ಲೆಕ್ಕ ತಿರುಗುಮುರುಗಾಗಿತ್ತು. ಕೂಡಲೇ ಬೆಲ್ಟಿನ ಮೇಲೆ ಪೈಪು ಎಳೆಸಿ, ಬಿಸಿಲಿನಲ್ಲೂ ಮಳೆ ಸುರಿಸುವ ಏರ್ಪಾಡಾಯಿತು. ಹಳೆಯ ರೋಲರುಗಳಿಗೂ ಕಳೆಯುವ ಚಿಹ್ನೆ. ಗುಜರಿಗೆ ಹಾಕಿದ್ದ ನಾನೂರು ರೋಲರುಗಳನ್ನು ಮೆರವಣಿಗೆಯಲ್ಲಿ ವಾಪಸು ತಂದರು. ಹೊಸದಾಗಿ ಬಂದವನ್ನು ಬೇಗ ಹಳೆಯದಾಗಲಿ ಎಂದು ಬಯಲಿನಲ್ಲಿ ಬಿಸಿಲಿಗೆ ಹರಡಿದರು. ಸುರಕ್ಷತಾ ತರಬೇತಿಗೆ ಕೂಡುವ ಚಿಹ್ನೆ, ಆದ್ದರಿಂದ ತರಬೇತಿ ರದ್ದು, ತರಬೇತಿ ಕೊಡುವವರಿಗೆ ಗೇಟಿನೊಳಗೆ ಪ್ರವೇಶವೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಅಂಕಿ, ಕೂಡುವ ಚಿಹ್ನೆ, ಮೂರು ನಕ್ಷತ್ರ ಹೊತ್ತು ಕುಳಿತಿದ್ದವನು ಎಂ-47.

“ಸಾರಿ ಅಂಡಿ,” ಎಂದು ಫಣೀಂದ್ರ ತಲೆ ತಗ್ಗಿಸಿ ಹೇಳಿದ. “ಎಂ-47 ಅಂದ್ರೆ ತಾವೇ.”

ಜಯರಾಮನಿಗೆ ಮೊದಲು ನಗು ಬಂತು. ವರದಿಯ ಕೊನೆಯ ಪುಟ ತಿರುವಿದಾಗ ಅಲ್ಲಿ ‘ವಿಶ್ಲೇಷಣೆ: ಶ್ರಾವ್ಯಾ ಜೆ.’ ಎಂದಿತ್ತು. ನಗು ಅಲ್ಲಿಗೇ ನಿಂತಿತು. ಮಗಳ ಹೆಸರು ಅಚ್ಚಾದದ್ದನ್ನು ಅವನು ನೋಡಿದ್ದು ಅದೇ ಮೊದಲು. ಹೆಮ್ಮೆಯಿಂದ ಎದೆ ತುಂಬಿ ಬಂತು, ಆ ತುಂಬಿದ ಎದೆಗೇ ಯಾರೋ ಗುದ್ದಿದಂತೆಯೂ ಆಯಿತು. ಫಣೀಂದ್ರನ ಕಡೆ ತಿರುಗಿ, “ನನ್ನ ಮಗಳು ಮಾಡಿರೋದು. ಚೆನ್ನಾಗಿದೆ ಅಲ್ವಾ?” ಎಂದ.

ಅಂದು ಸಂಜೆ ಅವಳದೇ ಫೋನ್ ಬಂತು. ಅವಳ ಕನ್ನಡ ಮನೆಯ ಕನ್ನಡ. ಅಡುಗೆಮನೆಯಿಂದ ಆಚೆ ಹೋದರೆ ತೆಲುಗು ಬಂದು ಕೈ ಹಿಡಿಯುತ್ತಿತ್ತು.

“ಅಪ್ಪ, ನನ್ನ ರಿಪೋರ್ಟ್ ನಿಮ್ಮ ಮ್ಯಾನೇಜರ್‌ಗೆ ತುಂಬಾ ನಚ್ಚಿತಂತೆ! ಅಂದ್ರೆ, ಹಿಡಿಸ್ತಂತೆ. ಎರಡು ತಿಂಗಳು ಅದರ ಹಾಗೆ ನಡೆಸಿ ನೋಡ್ತಾರೆ. ಸರಿ ಬಂದ್ರೆ ನನ್ನ ಜಾಬ್ ಕನ್ಫರ್ಮ್. ಬರದಿದ್ರೆ ಇಂತೇ ಸಂಗತಿ, ಜಾಬ್ ಹೋದ ಹಾಗೇ.”

“ಬರುತ್ತೆ ಬಿಡು ಪುಟ್ಟಿ.”

“ನೀನು ಎಂ-ಎಷ್ಟು ಅಪ್ಪ? ನಂಗೆ ಹೆಸರೇ ಕೊಟ್ಟಿಲ್ಲ ಕದಾ, ಅಲ್ವಾ.”

“ಇಪ್ಪತ್ತೋ ಇಪ್ಪತ್ತೊಂದೋ. ನಮಗೆಲ್ಲಿ ಹೇಳ್ತಾರೆ ಅದನ್ನೆಲ್ಲ,” ಎಂದ ಜಯರಾಮ.

ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಹೇಳಿದ ಸುಳ್ಳು ಅದು, ಆಮೇಲೆ ಅವನ ಕೊರಳಿಗೇ ಬಿತ್ತು. ಪಕ್ಕದಲ್ಲಿ ಕೂತು ಬೆಂಡೆಕಾಯಿ ಹೆಚ್ಚುತ್ತಿದ್ದ ದುರ್ಗಾಂಬ ಈಳಿಗೆ ಸರಿಸಿ ಎದ್ದಳು. ಕನ್ನಡವನ್ನು ಮದುವೆಯಾದ ಮೇಲೆ ಕಲಿತವಳು. ಸಿಟ್ಟು ಬಂದಾಗ ಮಾತ್ರ ತಪ್ಪಿಲ್ಲದೆ ಮಾತಾಡುತ್ತಿದ್ದಳು.

“ಏನ್ರೀ, ಅವಳಿಗೆ ಹೇಳ್ಬಾರ್ದಾ? ನೀವು ಎಳೆದ ಹಗ್ಗ, ನೀವು ಹಾಕಿದ ಸಹಿ. ಊರಿನವರ ಪಾಪ ಎಲ್ಲಾ ನಿಮ್ಮ ನಂಬರಿಗೆ ಬರೆದಿದೆ ಅಂತ ಒಂದು ಮಾತು.”

“ಹೇಳಿದ್ರೆ ಅವಳ ವರದಿ ತಪ್ಪಾಗುತ್ತೆ.”

“ಹೇಳದಿದ್ರೆ ನೀವು ತಪ್ಪಾಗ್ತೀರಿ.”

“ನನಗೆ ಇನ್ನು ಉಳಿದಿರೋದು ಎರಡು ವರ್ಷ. ಅವಳಿಗೆ ಇಡೀ ಜೀವಮಾನ ಇದೆ,” ಎಂದು ಜಯರಾಮ ಮಾತು ಮುಗಿಸಿದ. ದುರ್ಗಾಂಬ ಆ ರಾತ್ರಿ ಬೆಂಡೆಕಾಯಿಗೆ ಉಪ್ಪು ಹಾಕಲಿಲ್ಲ, ಬೇಕೆಂದೇ.

ಮಾರನೆಯ ದಿನದಿಂದ ಆದೇಶ ಜಾರಿಗೆ ಬಂತು: ಎಂ-47 ಬೆಲ್ಟಿನಿಂದ ಐನೂರು ಮೀಟರಿನೊಳಗೆ ಬರತಕ್ಕದ್ದಲ್ಲ. ನೆಲದ ಮೇಲೆ ಹಳದಿ ಗೆರೆ ಎಳೆದರು. ಗೆರೆಯಾಚೆ, ಹಾಜರಿ ಕೋಣೆಯ ಪಕ್ಕದಲ್ಲಿ, ಒಂದು ಕುರ್ಚಿ ಹಾಕಿ ಕೂರಿಸಿದರು. ಅವನಿಗೆ ಬೇರೇನೂ ಕೆಲಸವಿಲ್ಲ. ಹತ್ತಿರ ಹೋಗದಿರುವುದೇ ಕೆಲಸ. ಜಗನ್ಮೋಹನ್ ದಿನಕ್ಕೆರಡು ಸಲ ಬಂದು, “ಸೂಪರ್ ಜಯರಾಂಗಾರೂ, ಹೀಗೇ ಮುಂದುವರಿಸಿ,” ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಮೂವತ್ತೆರಡು ವರ್ಷದಲ್ಲಿ ಮ್ಯಾನೇಜರೊಬ್ಬರು ಅವನ ಬೆನ್ನು ತಟ್ಟಿದ್ದು ಅದೇ ಮೊದಲ ಸಲ.

ಮತ್ತೆ ನೋಡಿ, ಪವಾಡ! ಕೆಂಪು ಪುಸ್ತಕದಲ್ಲಿ ಹತ್ತು ದಿನ ಒಂದೇ ಒಂದು ಸಾಲು ಬೀಳಲಿಲ್ಲ. ಬೀಳುವುದು ಹೇಗೆ? ಬರೆಯುವವನನ್ನು ಕುರ್ಚಿಯಲ್ಲಿ ಕೂರಿಸಿದ್ದರು, ಮಿಕ್ಕವರು ಹಗ್ಗ ಮುಟ್ಟುವವರಲ್ಲ. ಬೆಲ್ಟು ನರಳಿತು, ಕಿರುಚಿತು, ನಿಲ್ಲಲಿಲ್ಲ. ಜಗನ್ಮೋಹನ್ ‘ಶೂನ್ಯ ನಿಲುಗಡೆ: 10ನೇ ದಿನ’ ಎಂದು ಗೇಟಿನಲ್ಲಿ ಬೋರ್ಡು ಹಾಕಿಸಿ, ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು.

ಹನ್ನೊಂದನೆಯ ದಿನ ಜಯರಾಮ ಕುರ್ಚಿಯಿಂದ ದಢಕ್ಕನೆ ಎದ್ದು ನಿಂತ. ಅಷ್ಟು ದೂರಕ್ಕೂ ಅವನಿಗೆ ಅದು ಕೇಳಿಸಿತ್ತು, ಹಲ್ಲು ಕಡಿದಂತೆ, ಬಿಟ್ಟು ಬಿಟ್ಟು. ಗೆರೆ ದಾಟುವಂತಿಲ್ಲ. ಗೆರೆಯ ಮೇಲೆ ನಿಂತು ಎರಡೂ ಕೈ ಬಾಯಿಗೆ ಹಿಡಿದು “ಎಳೀರಮ್ಮಾ, ಹಗ್ಗ ಎಳೀರಿ!” ಎಂದು ಕೂಗಿದ. ಬೆಲ್ಟಿನ ಕೆಳಗೆ ಗುಡಿಸುತ್ತಿದ್ದ ಸೂರ್ಯಕಾಂತಮ್ಮ ಗಾಬರಿಯಲ್ಲಿ ಎಳೆದೇಬಿಟ್ಟಳು. ಬೇರಿಂಗೊಂದು ಕೆಂಡದಂತಾಗಿತ್ತು. ಅದನ್ನು ಬದಲಿಸಿದರು. ಆದರೆ ಬೋರ್ಡು ಸೊನ್ನೆಗೆ ಬಂತು. ಜಗನ್ಮೋಹನ್‌ಗೆ ಇದರಿಂದ ಹೊಳೆದದ್ದು ಇಷ್ಟೇ: ಐನೂರು ಮೀಟರ್ ಸಾಲದು.

“ನಿಮ್ಮ ಮೇಲೆ ವೈಯಕ್ತಿಕವಾಗಿ ಏನೂ ಇಲ್ಲ ಜಯರಾಂಗಾರೂ,” ಎಂದರು ಅವರು ಅತ್ಯಂತ ಮರ್ಯಾದೆಯಿಂದ. “ಇದು ಕೋಎಫಿಶಿಯೆಂಟ್, ಅಂದ್ರೆ ನಿಮ್ಮ ಎದುರಿರೋ ಅಂಕಿ, ಹೇಳ್ತಿರೋದು. ದೂರ ಹೆಚ್ಚಾದಷ್ಟೂ ಒಳ್ಳೇದು. ಕೊಂಡಪಲ್ಲಿಯಲ್ಲಿ ನಮ್ಮ ಸ್ಟೋರ್ ಇದೆ. ಮುನ್ನೂರೈವತ್ತು ಕಿಲೋಮೀಟರ್. ಅಲ್ಲಿಂದ ನಿಮ್ಮ ಪ್ರಭಾವ ಬರೋದು ಕಷ್ಟ.”

ಕೊಂಡಪಲ್ಲಿ ವಿಜಯವಾಡಕ್ಕೆ ಅಂಟಿಕೊಂಡಂತೆ ಇರುವ ಊರು. ಜಯರಾಮ ಹೆಂಡತಿಯೊಂದಿಗೆ ಒನ್ ಟೌನಿನ ಮಾವನ ಮನೆಗೆ ಬಂದು ಇಳಿದ. ಮಗಳಿಗೆ ‘ಸ್ಟೋರ್ ತಪಾಸಣೆಗೆ ಹಾಕಿದಾರೆ’ ಎಂದ. ಅಪ್ಪ ಅಮ್ಮ ಇಬ್ಬರೂ ಬಂದರಲ್ಲ ಎಂದು ಅವಳು ಕುಣಿದಾಡಿದಳು, ಹೆಚ್ಚೇನೂ ಕೇಳಲಿಲ್ಲ. ದುರ್ಗಾಂಬನ ಬಾಯಿಗೆ ಬೀಗ ಬಿದ್ದಿತ್ತು. ಗಂಡ ಆಣೆ ಹಾಕಿಸಿದ್ದ. ಬೀಗ ಹಾಕಿದ ಬಾಯಿಯಿಂದ ಅವಳು ದಿನಕ್ಕೆ ಹತ್ತು ಸಲ ನಿಟ್ಟುಸಿರು ಬಿಡುತ್ತಿದ್ದಳು, ಬೀದಿಗೆ ಕೇಳಿಸುವಂತೆ.

ಸ್ಟೋರಿನಲ್ಲಿ ಅವನ ಸುತ್ತ ಪೆಟ್ಟಿಗೆಯೊಳಗಿನ ರೋಲರುಗಳು, ಒಂದೂ ಉರುಳುವುದಿಲ್ಲ, ಒಂದೂ ಸದ್ದು ಮಾಡುವುದಿಲ್ಲ. ಹೊತ್ತು ಹೋಗದೆ ಅವನು ಅವನ್ನೇ ಒಂದೊಂದಾಗಿ ಕೈಯಲ್ಲಿ ತಿರುಗಿಸಿ ಕೇಳುತ್ತಿದ್ದ. ವಿಶಾಖಪಟ್ಟಣದಲ್ಲಿ ಬೋರ್ಡು ಇಪ್ಪತ್ತು, ಮೂವತ್ತು, ನಲವತ್ತು ದಾಟಿತೆಂದು ಫಣೀಂದ್ರ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಿದ್ದ. ಅದನ್ನು ನೋಡಿದಾಗಲೆಲ್ಲ ಜಯರಾಮ ಕೈಯಲ್ಲಿದ್ದ ರೋಲರನ್ನು ಕೆಳಗಿಡುತ್ತಿದ್ದ. ನಲವತ್ತು ದಿನ ಒಂದು ಬೇರಿಂಗೂ ಬದಲಾಗಿಲ್ಲ ಎಂದರೆ ಗುಜರಿಯಿಂದ ತಂದ ಆ ರೋಲರುಗಳು ಈಗ ಯಾವ ಸ್ಥಿತಿಯಲ್ಲಿರಬೇಕು? ಅವುಗಳ ಕೆಳಗೆ ಸೂರ್ಯಕಾಂತಮ್ಮ ಪೊರಕೆ ಹಿಡಿದು ಬಗ್ಗಿರುತ್ತಾಳೆ. ಒಂದು ದಿನ ತಡೆಯಲಾರದೆ ಫಣೀಂದ್ರನ ನಂಬರು ಒತ್ತಿದ. ರಿಂಗ್ ಆಗುವ ಮುಂಚೆ ಮಗಳ ನೌಕರಿ ನೆನಪಾಗಿ ಕತ್ತರಿಸಿದ. ಆ ಮೇಲೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಬೋರ್ಡಿನಲ್ಲಿ ನಲವತ್ತೊಂದು ಆದ ದಿನ ಅವನಿಗೆ ವಾರದ ರಜೆ. ದುರ್ಗಾಂಬ ಕಟ್ಟಿಕೊಟ್ಟ ಗೊಂಗುರ ಪಚ್ಚಡಿ, ಅನ್ನದ ಡಬ್ಬಿ ಹಿಡಿದು ಮಧ್ಯಾಹ್ನ ಹನ್ನೆರಡೂವರೆಗೆ ಮಗಳ ಕಚೇರಿಯ ಮೂರು ಮಹಡಿ ಹತ್ತಿದ. ಉಳಿದವರು ಊಟಕ್ಕೆ ಇಳಿದಿದ್ದರು. ಶ್ರಾವ್ಯಾ ಅವನನ್ನು ತನ್ನ ಕುರ್ಚಿಯ ಮೇಲೆಯೇ ಕೂರಿಸಿ, ಕಂಪ್ಯೂಟರಿನಲ್ಲಿ ಅಂಕಿಗಳ ಪಟ್ಟಿ ತೆಗೆದಳು. ಅವಳ ಮುಖ ಬೆಳಗುತ್ತಿತ್ತು.

“ನೋಡು ಅಪ್ಪ, ಇದೇ. ನಾಡಿದ್ದು ನನ್ನ ಕನ್ಫರ್ಮೇಶನ್. ಇದು ಮಳೆ. ಇದು ರೋಲರ್. ಇವನು ನೋಡು, ಎಂ-47. ಎಂಥಾ ಮನುಷ್ಯನೋ ಏಮೋ! ಇವನು ಬಂದ ಶಿಫ್ಟ್ ಎಲ್ಲಾ ಬೆಲ್ಟ್ ನಿಂತಿದೆ. ಇವನನ್ನ ತೆಗೆದ ಮೇಲೆ ನಲವತ್ತೊಂದು ದಿನ ಒಂದು ಸ್ಟಾಪೂ ಇಲ್ಲ.”

“ಹೌದಾ.”

“ಕೆಲವರ ಕೈ ಹಂಗೇ ಇರುತ್ತೆ ಅಪ್ಪ. ಮುಟ್ಟಿದ್ದೆಲ್ಲ ಕೆಡ್ತದೆ. ಇಷ್ಟು ವರ್ಷ ಇಂಥವನನ್ನ ಹೆಂಗೆ ಇಟ್ಕೊಂಡಿದ್ರೋ. ನಾನಾಗಿದ್ರೆ ಮನೆಗೆ ಕಳಿಸ್ತಿದ್ದೆ.”

ಜಯರಾಮ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದ. ಕೊನೆಗೆ ಅನ್ನಕ್ಕೆ ಪಚ್ಚಡಿ ಕಲಸತೊಡಗಿದ. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಕೈ ಪಚ್ಚಡಿಯಾಗಿದ್ದರಿಂದ ಮಗಳೇ ಎತ್ತಿ, ಸ್ಪೀಕರಿಗೆ ಹಾಕಿ, ಮೇಜಿನ ಮೇಲೆ ಇಟ್ಟಳು.

“ಜಯರಾಂಗಾರೂ!” ಫಣೀಂದ್ರ ಆ ಕಡೆಯಿಂದ ಕೂಗಿದ. “ಒಂದೇನೋ ಬೇರೆ ಥರ ಸದ್ದು ಬರ್ತಿದೆ ಅಂಡಿ. ವಾಸನೆ ಕೂಡ. ಮ್ಯಾನೇಜರ್ ಗಾರು ಊರಲ್ಲಿಲ್ಲ, ಮೇಲಿನವರಿಗೆ ನಲವತ್ತೊಂದು ದಿನದ ಸಾಧನೆ ಹೇಳೋಕೆ ವಿಜಯವಾಡದ ಗನ್ನವರಂಗೆ ವಿಮಾನ ಹತ್ತಿ ಹೋಗಿದಾರೆ. ಏನ್ ಮಾಡ್ಲಿ?”

“ಫೋನನ್ನ ಚೌಕಟ್ಟಿಗೆ ಒತ್ತಿ ಹಿಡೀರಿ,” ಎಂದ ಜಯರಾಮ. ಅವನ ದನಿಯೇ ಬದಲಾಗಿತ್ತು.

ಕೋಣೆಯೊಳಗೆ ಬೆಲ್ಟಿನ ಸದ್ದು ತುಂಬಿಕೊಂಡಿತು. ಶ್ರಾವ್ಯಾಳಿಗೆ ಅದು ಬರೀ ಗಲಾಟೆ. ಜಯರಾಮ ಕಣ್ಣು ಮುಚ್ಚಿ, ಕಿವಿಯನ್ನು ಫೋನಿನ ಮೇಲೇ ಇಟ್ಟ. ಕೆಳಗೆ ಯಾರೋ ಮೆಣಸಿನಕಾಯಿ ಚೀಲ ಎತ್ತಿ ಹಾಕಿದರು, ಅವಳು ಸೀನಿದಳು, ಅವನು ಕೈಯೆತ್ತಿ ಸುಮ್ಮನಿರು ಎಂದ. ಎಣಿಸಿ ಹತ್ತು ಸೆಕೆಂಡು ಆಗಿರಬೇಕು.

“ಮೂರು ರೋಲರು ಹಿಡಿದುಕೊಂಡಿವೆ. ಬೆಲ್ಟಿನ ಅಂಚು ಸೀಳ್ತಾ ಇದೆ. ಕೆಳಗೆ ಯಾರಿದಾರೆ?”

“ಸೂರ್ಯಕಾಂತಮ್ಮ, ಇನ್ನೂ ಮೂವರು.”

“ಎಳೀರಿ.”

“ಅದೇ ಅಂಡಿ... ಪುಸ್ತಕದಲ್ಲಿ ಯಾರ ನಂಬರ್ ಬರೀಲಿ? ನಲವತ್ತೊಂದು ದಿನ ಆಗಿದೆ. ನನ್ನ ಹೆಸರಿಗೆ ಬಂದ್ರೆ—”

“ನನ್ನ ನಂಬರ್ ಬರೀರಿ ಮಾರಾಯ್ರೆ! ಎಂ-47 ಅಂತ ಬರೀರಿ! ಎಳೀರಿ ಮೊದಲು!”

ಆ ಕಡೆ ಸದ್ದು ಇಳಿದು, ಇಳಿದು, ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಫಣೀಂದ್ರ ಏದುಸಿರು ಬಿಡುತ್ತ, ಬೆಲ್ಟು ಎರಡು ಮೀಟರಿನಷ್ಟು ಸೀಳಿದೆ, ಹೆಂಗಸರು ನಾಲ್ವರೂ ಹೊರಗೆ ಬಂದಿದ್ದಾರೆ, ಯಾರಿಗೂ ಏನೂ ಆಗಿಲ್ಲ ಎಂದ. ಇನ್ನೊಂದು ಐದು ನಿಮಿಷ ಆಗಿದ್ದರೆ ಎಂದು ಶುರು ಮಾಡಿ ಮುಗಿಸಲಿಲ್ಲ. ಆಮೇಲೆ ವಿಧೇಯನಾಗಿ ಕೆಂಪು ಪುಸ್ತಕದಲ್ಲಿ ಬರೆದ: ಎಂ-47, ಹನ್ನೆರಡು ಐವತ್ತು, ಅಗತ್ಯವಿದ್ದಂತೆ. ಬರೆದದ್ದನ್ನು ಗಟ್ಟಿಯಾಗಿ ಓದಿಯೂ ಹೇಳಿದ.

ಶ್ರಾವ್ಯಾ ನಿಂತಲ್ಲೇ ನಿಂತಿದ್ದಳು. ಪಟ್ಟಿಯಲ್ಲಿದ್ದ ಎಂ-47 ಸಾಲನ್ನು ನೋಡಿದಳು, ಅಪ್ಪನನ್ನು ನೋಡಿದಳು.

“ನೀನಾ?”

“ನಿನ್ನ ಲೆಕ್ಕ ಸರಿಯಾಗಿದೆ ಪುಟ್ಟಿ,” ಎಂದು ಜಯರಾಮ ಗಡಿಬಿಡಿಯಿಂದ ಹೇಳಿದ. “ನಾನು ಹೋದಾಗೆಲ್ಲ ನಿಂತಿದೆ. ನಿಲ್ಲಿಸೋಕೆ ಅಂತಾನೇ ಕರೀತಿದ್ರು. ನೀನೇನೂ ತಪ್ಪು ಮಾಡಿಲ್ಲ. ನಾಡಿದ್ದು ಆಗ್ಲಿ, ಆಮೇಲೆ ಹೇಳೋಣ. ಯಾರಿಗೂ ಗೊತ್ತಾಗಲ್ಲ.”

ಅವಳು ಅಳುತ್ತಿದ್ದಳು. ಮೆಣಸಿನ ಘಾಟು ಎಂದು ಹೇಳಲು ನೋಡಿದಳು, ಆಗಲಿಲ್ಲ. “ಮನೆಗೆ ಕಳಿಸ್ತಿದ್ದೆ ಅಂದೆ ಕದಾ ಅಪ್ಪಾ,” ಎಂದು ಅವನ ತೋಳಿಗೆ ಹಣೆ ಒತ್ತಿದಳು. ಅವನು ಪಚ್ಚಡಿಯ ಕೈಯನ್ನು ದೂರ ಹಿಡಿದು, ಇನ್ನೊಂದು ಕೈಯಿಂದ ಅವಳ ತಲೆ ಸವರಿದ. ಅವನಿಗೂ ಅಳು ಬಂತು.

ನಾಡಿದ್ದಿನವರೆಗೆ ಕಾಯುವ ಹುಡುಗಿ ಅವಳಲ್ಲ, ದುರ್ಗಾಂಬನ ಮಗಳು. ಅಂದೇ ಸಂಜೆ ತನ್ನ ಬಾಸಿನ ಎದುರು ನಿಂತು, ನನ್ನ ಅಂಕಿಗಳು ಸರಿ, ಅವಕ್ಕೆ ಬರೆದ ಅರ್ಥ ತಪ್ಪು, ವಾಪಸು ತೆಗೆದುಕೊಳ್ಳುತ್ತೇನೆ ಎಂದಳು. ಕನ್ಫರ್ಮೇಶನ್ ಆರು ತಿಂಗಳು ಮುಂದಕ್ಕೆ ಹೋಯಿತು. ಬೆಳಗಿನ ರೈಲಿಗೆ ಅವಳು ವಿಶಾಖಪಟ್ಟಣಕ್ಕೆ ಹೊರಟಳು. ಜಯರಾಮನೂ ಹೆಂಡತಿಯೊಂದಿಗೆ ಹೊರಟ, ಆದರೆ ಕಾರ್ಖಾನೆಯ ಗೇಟಿನ ಹೊರಗೇ ನಿಲ್ಲಬೇಕಾಯಿತು. ಜಗನ್ಮೋಹನ್ ವಾಪಸು ಬಂದು ಪುಸ್ತಕ ನೋಡಿ ಹೌಹಾರಿದ್ದರು: ಮುನ್ನೂರೈವತ್ತು ಕಿಲೋಮೀಟರ್ ದೂರದಿಂದಲೂ ಎಂ-47 ಬೆಲ್ಟು ನಿಲ್ಲಿಸಿದ್ದ! ಅವನನ್ನು ಅಂಡಮಾನಿಗೆ ಕಳಿಸಲು ಅವಕಾಶವಿದೆಯೇ ಎಂದು ಮೇಲಿನವರಿಗೆ ಪತ್ರವೂ ಹೋಗಿತ್ತು.

ಶ್ರಾವ್ಯಾ ಒಳಗೆ ಹೋಗಿ ಮೊದಲು ಮಾಡಿದ್ದು ಕೂತು ಕೇಳುವುದು. ಜೋರು ಮಳೆ ಬಂದ ದಿನ ಅದಿರಿನ ರೈಲೇ ಬರುವುದಿಲ್ಲ, ಬೆಲ್ಟು ಓಡುವುದಿಲ್ಲ, ಓಡದ ಬೆಲ್ಟನ್ನು ನಿಲ್ಲಿಸುವುದೇನು ಎಂದು ಸೂರ್ಯಕಾಂತಮ್ಮ ಹೇಳಿದಳು. ಕೆಟ್ಟ ರೋಲರುಗಳು ಮೊದಲ ವರ್ಷವೇ ಸಾಯುತ್ತವೆ, ಗಟ್ಟಿಯವು ಮಾತ್ರ ಹಳೆಯದಾಗುವವರೆಗೆ ಬದುಕುತ್ತವೆ ಎಂದು ಇನ್ನೊಬ್ಬ ಹೇಳಿದ. ತರಬೇತಿ ನಡೆಸುವುದೇ ಅನಾಹುತವಾದ ವಾರದಲ್ಲಿ. ಇದೆಲ್ಲ ಕೇಳುತ್ತ ಅವಳ ಕಿವಿ ಕೆಂಪಗಾಯಿತು. ಕೊನೆಗೆ ಫಣೀಂದ್ರ ಬೀರುವಿನಿಂದ ಹನ್ನೊಂದು ವರ್ಷದ ಪಾಳಿ ಡೈರಿಗಳನ್ನು ತೆಗೆದು ಮೇಜಿನ ಮೇಲೆ ಒಟ್ಟಿದ. ಕೈಬರಹ, ತೆಲುಗು. ಕಂಪ್ಯೂಟರಿಗೆ ಹತ್ತಿಸಲಾಗದು ಎಂದು ಯಾರೂ ಕಳಿಸಿರಲಿಲ್ಲ. ಪ್ರತಿ ನಿಲುಗಡೆಗೂ ಮುಂಚೆ ಏನಾಗಿತ್ತು ಎಂದು ಅದರಲ್ಲಿ ಒಂದೊಂದು ಸಾಲು ಇತ್ತು. ಶ್ರಾವ್ಯಾ ಹದಿನೆಂಟು ದಿನ ಕೂತು ಆರುನೂರ ಹನ್ನೆರಡು ಸಾಲು ಓದಿ, ‘ಸದ್ದು’ ಎಂಬ ಹೊಸ ಕಾಲಂ ತುಂಬಿ, ಲೆಕ್ಕವನ್ನು ಮತ್ತೆ ಓಡಿಸಿದಳು. ಮೂರು ನಕ್ಷತ್ರಗಳೂ ಎಂ-47ನ್ನು ಬಿಟ್ಟು ಸದ್ದಿನ ಪಕ್ಕ ಹೋಗಿ ಕೂತವು. ಎಂ-47ರ ಎದುರು ಉಳಿದದ್ದು ಸೊನ್ನೆ ಪಾಯಿಂಟ್ ಸೊನ್ನೆ ಎರಡು, ನಕ್ಷತ್ರವಿಲ್ಲ.

ಜಗನ್ಮೋಹನ್ ಹೊಸ ವರದಿಯನ್ನು ಹಳೆಯದರಷ್ಟೇ ಭಕ್ತಿಯಿಂದ ಓದಿ, ಆದೇಶ ಹೊರಡಿಸಿದರು. ಜಯರಾಮ ಅದನ್ನು ಗೇಟಿನಲ್ಲಿ ನಿಂತು ಓದಿಕೊಂಡ: ‘ಶ್ರೀ ಜಯರಾಮ ಇವರು ಇರುವುದರಿಂದಾಗಲಿ ಇಲ್ಲದಿರುವುದರಿಂದಾಗಲಿ ಘಟಕದ ಮೇಲೆ ಯಾವುದೇ ಪರಿಣಾಮ ಇಲ್ಲವೆಂದು ವೈಜ್ಞಾನಿಕವಾಗಿ ಸಾಬೀತಾಗಿರುವುದರಿಂದ, ಸದರಿಯವರು ಬೆಲ್ಟಿನ ಬಳಿ ಕೆಲಸಕ್ಕೆ ಹಾಜರಾಗಲು ಅಭ್ಯಂತರವಿಲ್ಲ.’

ಸಂಜೆ ಕ್ವಾರ್ಟರ್ಸಿನಲ್ಲಿ ಅವನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ದುರ್ಗಾಂಬ ಕೊಟ್ಟ ಕಾಫಿ ಆರುತ್ತಿತ್ತು. ಕೇಡಿಗ ಎಂದಾಗ ಅಷ್ಟು ನೋಯದವನು ಈಗ ಕುಸಿದುಹೋಗಿದ್ದ.

“ಸೊನ್ನೆಯಾ ಪುಟ್ಟಿ?” ಎಂದ. “ಮೂವತ್ತೆರಡು ವರ್ಷ. ಎರಡೂಮುಕ್ಕಾಲಾದರೂ ಇತ್ತು ಮೊದಲು. ಈಗ ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತಾಯ್ತಲ್ಲ.”

ಶ್ರಾವ್ಯಾ ಸೊನ್ನೆ ಎಂದರೆ ನಿರ್ದೋಷಿ ಎಂದಳು. ಅವನು ತಲೆಯಾಡಿಸಿದ, ಸಮಾಧಾನವಾಗಲಿಲ್ಲ. ಆಗ ಅವಳು ಒಂದು ಡೈರಿ ತಂದು, ಅವನ ಪಕ್ಕ ನೆಲದ ಮೇಲೆ ಕೂತು, ತೆಲುಗನ್ನು ತನ್ನ ಮುರುಕು ಕನ್ನಡಕ್ಕೆ ತಿರುಗಿಸುತ್ತ ಓದತೊಡಗಿದಳು.

“ಮಾರ್ಚ್ ಒಂಬತ್ತು. ನಮಗೇನೂ ಕೇಳಿಸಲಿಲ್ಲ. ಜಯರಾಂ ಗಾರಿಗೆ ಕೇಳಿಸಿತಂತೆ. ನಿಲ್ಲಿಸಿದರು. ಬೇರಿಂಗ್ ಪುಡಿಯಾಗಿತ್ತು. ಏಪ್ರಿಲ್ ಎರಡು. ನಮಗೇನೂ ಕೇಳಿಸಲಿಲ್ಲ. ಜಯರಾಂ ಗಾರಿಗೆ ಕೇಳಿಸಿತಂತೆ. ನಿಲ್ಲಿಸಿದರು. ಕೆಳಗೆ ಇಬ್ಬರಿದ್ದರು. ಏಪ್ರಿಲ್ ಹದಿನೇಳು. ನಮಗೇನೂ—” ಅವಳು ತಲೆಯೆತ್ತಿದಳು. “ಆ ಸದ್ದು ಅನ್ನೋ ಕಾಲಂ ಇದೆಯಲ್ಲ ಅಪ್ಪ, ಅದರಲ್ಲಿ ನಾಲ್ಕುನೂರ ಐದು ಸಾಲು ಹಿಂಗೇ ಇದೆ. ನಿನ್ನ ಹೊರತು ಯಾರಿಗೂ ಕೇಳಿಸಿಲ್ಲ. ನೀನಿಲ್ದಿದ್ರೆ ಆ ಕಾಲಮ್ಮೇ ಇಲ್ಲ.”

ದುರ್ಗಾಂಬ ಸೆರಗಿನಿಂದ ಕಣ್ಣೊರೆಸಿಕೊಂಡು, ಆರಿದ ಕಾಫಿಯನ್ನು ಬಿಸಿ ಮಾಡಲು ಒಳಗೆ ಒಯ್ದಳು.

“ಏಪ್ರಿಲ್ ಹದಿನೇಳು ಅಂದ್ಯಲ್ಲ,” ಎಂದ ಜಯರಾಮ ಕೊನೆಗೆ, ಗೋಡೆ ಬಿಟ್ಟು ಮಗಳ ಕಡೆ ತಿರುಗಿ, “ಅದನ್ನ ಪೂರ್ತಿ ಓದು.”